ಅಪ್ಪನ ಪದ್ಮಿನಿ, ಮಾವನ ಮಾರುತಿ: ಯಾವುದನ್ನು ಇಟ್ಟುಕೊಳ್ಳಲಿ?

ಪ್ರಶ್ನೆ: ನಾನು ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ಅರಸೀಕೆರೆ ಹತ್ತಿರದ ನಮ್ಮೂರ ಮನೆಯಲ್ಲಿ ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅವತ್ತಿನಿಂದ ಕಾರು ಕೊಟ್ಟಿಗೆಯಲ್ಲೇ ನಿಂತಿದೆ. ಈಗ ಮಂಗಳೂರಿನ ಸೋದರಮಾವ ತಮ್ಮ 1998ರ ಮಾರುತಿ 800 ತಗೊಂಡು ಹೋಗು ಅನ್ನುತ್ತಿದ್ದಾರೆ. ಅದು ಈಗಲೂ ಓಡುತ್ತಿದೆ. ನಮ್ಮ ಮನೆ ಮುಂದೆ ಒಂದೇ ಕಾರಿಗೆ ಜಾಗ. ತಿಂಗಳಿಗೆ ಎರಡು ಸಲ ಹೆಂಡತಿಯ ತವರು ಸಕಲೇಶಪುರಕ್ಕೆ ಹೋಗುತ್ತೇವೆ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ. ಮಕ್ಕಳು ಇಬ್ಬರು. ಸ್ಕೂಲಿಗೆ ನಾನು ಬೈಕಿನಲ್ಲೇ ಹೋಗುತ್ತೇನೆ. ರಿಪೇರಿಗೆ ಎರಡು ಲಕ್ಷ ಎತ್ತಿಟ್ಟಿದ್ದೇನೆ. ಎರಡರಲ್ಲಿ ಒಳ್ಳೆಯ ಕಾರು ಯಾವುದು? ಯಾವುದನ್ನು ಇಟ್ಟುಕೊಳ್ಳಲಿ?

ಉತ್ತರ: ಮೇಷ್ಟ್ರೇ, ನೀವು ಕೇಳಿರುವುದು ಎರಡು ಪ್ರಶ್ನೆ. ಎರಡಕ್ಕೂ ಉತ್ತರ ಬೇರೆ ಬೇರೆ. ಒಳ್ಳೆಯ ಕಾರು ಯಾವುದು ಅಂದರೆ ಮಾರುತಿ 800. ಅದರಲ್ಲಿ ಅನುಮಾನವೇ ಬೇಡ. ಆದರೆ ನಿಮ್ಮ ಓಡಾಟ ಎಷ್ಟು, ಕಾರುಗಳು ಇಷ್ಟು ವರ್ಷ ಯಾವ ಊರಲ್ಲಿದ್ದವು ಅನ್ನುವುದನ್ನು ನೋಡಿದರೆ, ಇಟ್ಟುಕೊಳ್ಳಬೇಕಾದ್ದು ಪದ್ಮಿನಿ ಅಂತ ನನಗೆ ಅನ್ನಿಸುತ್ತದೆ. ಮೂವತ್ತು ವರ್ಷ ಈ ಎರಡೂ ಕಾರುಗಳ ಕೆಳಗೆ ಮಲಗಿ ಕೆಲಸ ಮಾಡಿದವನು ನಾನು. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ನಿಧಾನವಾಗಿ ಬರೆಯುತ್ತೇನೆ.

ಮೊದಲು ವಯಸ್ಸಿನ ವಿಷಯ. ಆರ್‌ಸಿ ಪ್ರಕಾರ ಎರಡರ ನಡುವೆ 14 ವರ್ಷದ ಅಂತರ. ನಿಜವಾದ ಅಂತರ ಅದಕ್ಕಿಂತ ತುಂಬ ಜಾಸ್ತಿ. ಪದ್ಮಿನಿ ಅಂದರೆ ಫಿಯೆಟ್ 1100 ಡಿ. ಇಟಲಿಯಲ್ಲಿ ಆ ಮಾಡೆಲ್ ಬಂದದ್ದು 1962ರಲ್ಲಿ. ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ 1964ರಲ್ಲಿ ಅದನ್ನು ಇಲ್ಲಿ ಶುರು ಮಾಡಿತು. 1974ರಲ್ಲಿ ಪದ್ಮಿನಿ ಅನ್ನುವ ಹೆಸರು ಬಂತು. ಹೆಸರು ಬದಲಾದರೂ ಬಾಡಿ ಹೆಚ್ಚುಕಮ್ಮಿ ಅದೇ. ಎಂಜಿನ್ ಇನ್ನೂ ಹಳೆಯದು. ಅದರ 1089 ಸಿಸಿ ಎಂಜಿನ್ನಿನ ಬೇರು 1937ರ ಫಿಯೆಟ್ 508 ಸಿ ಕಾರಿನಲ್ಲಿದೆ. ಅಂದರೆ ನಿಮ್ಮ ತಂದೆಯವರು 1984ರಲ್ಲಿ ಶೋರೂಮಿನಿಂದ ಹೊಸ ಕಾರು ತಂದಾಗಲೇ ಅದರ ಎಂಜಿನ್ನಿನ ವಿನ್ಯಾಸಕ್ಕೆ ಹತ್ತಿರ ಹತ್ತಿರ 50 ವರ್ಷ ಆಗಿತ್ತು.

ಮಾರುತಿ 800 ಆ ಹೊತ್ತಿಗೆ ಬಂದಾಗಿತ್ತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿ ಕೊಟ್ಟರು. 1986ರಲ್ಲಿ ಅದರ ಆಕಾರ ಬದಲಾಯಿತು. ನಿಮ್ಮ ಮಾವನ ಕಾರು ಆ ಎರಡನೇ ಆಕಾರದ್ದು. ಅದರ ಮೂಲ 1980ರ ದಶಕದ ಜಪಾನಿನ ಸುಜುಕಿ ಆಲ್ಟೊ. ಹಾಗಾಗಿ ನೀವು ಹೋಲಿಸುತ್ತಿರುವುದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಂಜಿನ್ ಇರುವ ಇಟಲಿಯ ಕಾರನ್ನು, 80ರ ದಶಕದ ಜಪಾನಿ ಕಾರಿನ ಜೊತೆ.

ನಮ್ಮ ಶೆಡ್ಡಿನಲ್ಲಿ ಹೊಸ ಹುಡುಗರು ಕೆಲಸಕ್ಕೆ ಸೇರಿದಾಗ ಈ ಎರಡು ಎಂಜಿನ್ನಿನ ಪಿಸ್ಟನ್ ಪಕ್ಕ ಪಕ್ಕ ಇಟ್ಟು ತೋರಿಸುತ್ತೇನೆ. ಪದ್ಮಿನಿಯ ಬೋರ್, ಅಂದರೆ ಪಿಸ್ಟನ್ ಓಡುವ ಸಿಲಿಂಡರಿನ ಅಗಲ, 68 ಮಿಲಿಮೀಟರ್. ಮಾರುತಿಯದು 68.5. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ ಪದ್ಮಿನಿಯಲ್ಲಿ 75 ಮಿಲಿಮೀಟರ್, ಮಾರುತಿಯಲ್ಲಿ 72. ಅಲ್ಲೂ ಅಂಥ ವ್ಯತ್ಯಾಸ ಇಲ್ಲ. ಆದರೆ ಪದ್ಮಿನಿಯಲ್ಲಿ ಇಂಥ ಪಿಸ್ಟನ್ ನಾಲ್ಕು, ಮಾರುತಿಯಲ್ಲಿ ಮೂರೇ. ಒಂದು ಪಿಸ್ಟನ್ ಕಮ್ಮಿ ಇದ್ದರೂ 796 ಸಿಸಿಯ ಮಾರುತಿ ಕೊಡುವ ಶಕ್ತಿ ಪದ್ಮಿನಿಯಷ್ಟೇ, ಎರಡೂ ಸುಮಾರು 40 ಅಶ್ವಶಕ್ತಿ. ಪದ್ಮಿನಿಯಲ್ಲಿ ವಾಲ್ವ್ ತೆರೆಸುವ ಕ್ಯಾಮ್ ಕೆಳಗೆ ಬ್ಲಾಕಿನಲ್ಲಿದೆ, ಉದ್ದನೆಯ ಪುಶ್ ರಾಡ್‌ಗಳು ಅಲ್ಲಿಂದ ಮೇಲೆ ಬಂದು ವಾಲ್ವ್ ಒತ್ತುತ್ತವೆ. ಮಾರುತಿಯಲ್ಲಿ ಕ್ಯಾಮ್ ಹೆಡ್ಡಿನ ಮೇಲೇ ಇದೆ, ಒಂದು ಬೆಲ್ಟ್ ಅದನ್ನು ತಿರುಗಿಸುತ್ತದೆ. ಅದಕ್ಕೇ ಅದು ಅಷ್ಟು ಹಗುರವಾಗಿ ಸುತ್ತುತ್ತದೆ.

ಈಗ ತೂಕ ನೋಡಿ. ಪದ್ಮಿನಿ ಸುಮಾರು 900 ಕೆಜಿ, ಮಾರುತಿ ಸುಮಾರು 650. ಅಷ್ಟೇ ಶಕ್ತಿ, ಎಳೆಯಬೇಕಾದ ಭಾರ ಕಾಲು ಭಾಗಕ್ಕಿಂತ ಜಾಸ್ತಿ ಕಮ್ಮಿ. ಜೊತೆಗೆ ಮಾರುತಿಯ ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್, ಕ್ರೌನ್ ಏನೂ ಇಲ್ಲ. ಪದ್ಮಿನಿ ಲೀಟರಿಗೆ 11, 12 ಕೊಟ್ಟರೆ ಮಾರುತಿ 16, 17 ಕೊಡುವುದು ಇದರಿಂದಲೇ. ಬ್ರೇಕಿನಲ್ಲೂ ಮಾರುತಿಯೇ ಮುಂದು. ಅದರ ಮುಂದಿನ ಚಕ್ರಕ್ಕೆ ಡಿಸ್ಕ್ ಇದೆ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ಮು. ಸ್ಟೀರಿಂಗ್ ಹಗುರ, ಗೇರು ಸಲೀಸು, ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟು. ಹಾಗಾಗಿ ಕಾರಾಗಿ ಯಾವುದು ಮೇಲು ಅನ್ನುವ ಮಾತು ಇಲ್ಲಿಗೆ ಮುಗಿಯಿತು.

ಹಾಗಿದ್ದರೂ ಪದ್ಮಿನಿ ಅಂದೆನಲ್ಲ, ಅದಕ್ಕೆ ಕಾರಣ ತುಕ್ಕು.

ಹಳೇ ಕಾರು ನೋಡಲು ಹೋದವರೆಲ್ಲ ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳುತ್ತಾರೆ. ಎಂಜಿನ್ ಬಿಡಿ, ಅದನ್ನು ಬಿಚ್ಚಿ ಬೋರ್ ಮಾಡಿಸಿ ಕೂರಿಸಬಹುದು. ಈ ಎರಡು ಕಾರುಗಳಿಗೂ ಲಾರಿಗೆ ಇರುವ ಹಾಗೆ ಬೇರೆ ಚಾಸಿ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟು, ಇಲ್ಲ, ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಚಕ್ರದ ಮೇಲಿನ ಗುಂಬ, ಇವೇ ಕಾರನ್ನು ಹಿಡಿದು ನಿಲ್ಲಿಸಿರುವುದು. ಅವು ಕೊಳೆತರೆ ಮೇಲೆ ಎಷ್ಟು ಚೆಂದದ ಪೇಂಟ್ ಇದ್ದರೂ ಕಾರು ಮುಗಿದ ಹಾಗೆ. ಮಂಗಳೂರಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಳೆ ಇಲ್ಲದಾಗ ಉಪ್ಪಿನ ಗಾಳಿ. ಅರಸೀಕೆರೆ ಒಣ ಸೀಮೆ. ಒಂದು ಕಾರು 25 ವರ್ಷಕ್ಕೂ ಹೆಚ್ಚು ಕಾಲ ಕಡಲ ದಡದಲ್ಲಿ ಓಡಿದೆ, ಇನ್ನೊಂದು ಒಣ ಊರಿನಲ್ಲಿ ಸೂರಿನ ಕೆಳಗೆ ನಿಂತಿದೆ. ನೋಡದೆಯೂ ನನಗೆ ಯಾವುದರ ತಗಡು ಗಟ್ಟಿ ಇರಬಹುದು ಅಂತ ಅಂದಾಜು ಸಿಗುತ್ತದೆ.

ಇದರಲ್ಲಿ ನಾನು ಒಮ್ಮೆ ಏಟು ತಿಂದಿದ್ದೇನೆ. ಸುಮಾರು ಹತ್ತು ವರ್ಷದ ಹಿಂದೆ ಕರಾವಳಿಯಿಂದ ಒಂದು 800 ತಂದೆ. ಹೊಸ ಪೇಂಟು, ಎಂಜಿನ್ ಬೆಣ್ಣೆ ಥರ. ಸಂಜೆ ಹೊತ್ತು, ಅವಸರ, ಕೆಳಗೆ ಸರಿಯಾಗಿ ನೋಡಲಿಲ್ಲ. ತಿಂಗಳೊಳಗೆ ಒಂದು ಗುಂಡಿಗೆ ಇಳಿದಾಗ ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಗುಂಬವೇ ಹರಿದು ಮೇಲೆ ಎದ್ದಿತು. ಬಿಚ್ಚಿ ನೋಡಿದರೆ ತಗಡೇ ಇಲ್ಲ, ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಅವತ್ತು ಕಾರಿನಲ್ಲಿ ನನ್ನ ಮಗಳಿದ್ದಳು. ಆಮೇಲೆ ಯಾವ ಕಾರನ್ನೂ ನಾನು ಮಲಗಿ ನೋಡದೆ ತಂದಿಲ್ಲ.

ನೀವೂ ಹಾಗೇ ಮಾಡಿ. ಒಂದು ದಪ್ಪ ಸ್ಕ್ರೂಡ್ರೈವರ್, ಒಂದು ಟಾರ್ಚು, ಫ್ರಿಜ್ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ಸಾಕು. ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ಪಟ್ಟಿಯನ್ನು ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಕೊಳೆತ ಜಾಗ ಬಂದ ಕೂಡಲೇ ಸದ್ದು ದಪ್ ಅಂತ ಸಾಯುತ್ತದೆ. ಕಿವಿಗೆ ಆ ವ್ಯತ್ಯಾಸ ಐದು ನಿಮಿಷದಲ್ಲಿ ಪಳಗುತ್ತದೆ. ಆಯಸ್ಕಾಂತ ಹಿಡಿಯದ ಕಡೆ ಪುಟ್ಟಿ ಇದೆ ಅಂತ ಅರ್ಥ. ಮಾರುತಿಯಲ್ಲಿ ಬಾನೆಟ್ ಎತ್ತಿ ಎರಡೂ ಗುಂಬಗಳ ಮೇಲ್ಭಾಗ ನೋಡಿ, ಬ್ಯಾಟರಿ ಎತ್ತಿ ಅದರ ತಳ ನೋಡಿ, ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಎತ್ತಿ ನೋಡಿ. ಪದ್ಮಿನಿಯಲ್ಲಿ ಕಾಲಿಡುವ ನೆಲ, ಡಿಕ್ಕಿಯ ತಳ, ಹಿಂದಿನ ಕಮಾನ್ ಪಟ್ಟಿ ಬಾಡಿಗೆ ಸೇರುವ ಜಾಗ.

ಒಂದು ಮಾತು ಮರೆಯುತ್ತಿದ್ದೆ. ಕೊಟ್ಟಿಗೆ ಅಂತ ಬರೆದಿದ್ದೀರಿ. ದನ ಕಟ್ಟುವ ಕೊಟ್ಟಿಗೆಯೋ, ಸುಮ್ನೆ ಹೆಸರಿಗೆ ಕೊಟ್ಟಿಗೆಯೋ? ದನ ಇದ್ದರೆ ಗಂಜಲ ತಗಡನ್ನು ತಿಂದಿರುತ್ತದೆ. ಹಾಗಿದ್ದರೆ ನಾನು ಇಲ್ಲಿವರೆಗೆ ಹೇಳಿದ ಲೆಕ್ಕ ತಲೆಕೆಳಗಾಗಬಹುದು. ಮೊದಲು ಅದನ್ನು ನೋಡಿ.

ತುಕ್ಕು ಸ್ವಲ್ಪ ಇದ್ದರೂ ಪದ್ಮಿನಿಯೇ ಅನುಕೂಲ. ಅದರ ತಗಡು ದಪ್ಪ. ಕೊಳೆತಷ್ಟು ಕತ್ತರಿಸಿ ಹೊಸ ತುಂಡು ಬೆಸೆಯಬಹುದು. ಹಾಸನದಲ್ಲೇ ತಗಡು ಕೆಲಸದ ಹಳೇ ಟಿಂಕರಿಂಗ್ ಕೈಗಳು ಇನ್ನೂ ಇವೆ. ಮಾರುತಿಯ ತಗಡು ತೆಳು. ಗ್ಯಾಸ್ ವೆಲ್ಡಿಂಗ್ ಹಿಡಿದರೆ ಮುಚ್ಚಬೇಕಾದ ತೂತು ದೊಡ್ಡದಾಗುತ್ತದೆ. ಅದಕ್ಕೆ ಕಮ್ಮಿ ಜಾಗ ಕಾಯಿಸುವ, ಕರೆಂಟಿನ ಮಿಗ್ ವೆಲ್ಡಿಂಗೇ ಬೇಕು, ಕೈಯೂ ಪಳಗಿರಬೇಕು.

ಬಿಡಿಭಾಗ ಸಿಗುತ್ತದಾ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಮಾರುತಿಗೆ ಆ ಭಯ ಬೇಡ. 800 ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಅದೇ ಎಂಜಿನ್ ಇದ್ದ ಓಮ್ನಿ 2019ರವರೆಗೂ ಬಂತು. ಯಾವ ತಾಲ್ಲೂಕು ಕೇಂದ್ರದಲ್ಲೂ ಕ್ಲಚ್ ಪ್ಲೇಟು, ಬೆಲ್ಟು ಸಿಗುತ್ತವೆ. ಪದ್ಮಿನಿಗೆ ಸ್ವಲ್ಪ ಓಡಾಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೇ ಅಂಗಡಿಗಳು, ಶಿವಾಜಿನಗರದ ಗುಜರಿ, ಅಲ್ಲೂ ಇಲ್ಲದಿದ್ದರೆ ಮುಂಬೈ. ಮುಂಬೈನಲ್ಲಿ ಈ ಕಾರು ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೂ ಓಡಿತು. ಹಾಗಾಗಿ ಎಂಜಿನ್, ಗೇರ್ ಬಾಕ್ಸ್, ಬ್ರೇಕಿನ ಸಾಮಾನು ಇನ್ನೂ ಇದೆ. ಕಷ್ಟ ಆಗುವುದು ಮೇಲಿನ ಸಾಮಾನಿಗೆ. ಗಾಜಿನ ಸುತ್ತಲಿನ ರಬ್ಬರು, ಕ್ರೋಮ್ ಪಟ್ಟಿ, ಬಾಗಿಲ ಹಿಡಿ, ಮುಂದಿನ ಗ್ರಿಲ್ಲು. ಆದ್ದರಿಂದ ಟಿಂಕರಿಂಗಿಗೆ ಬಿಡುವಾಗ ಬಿಚ್ಚಿದ ಒಂದೊಂದನ್ನೂ ನೀವೇ ಮನೆಗೆ ತಂದಿಡಿ. ಶೆಡ್ಡಿನಲ್ಲಿ ಬಿಟ್ಟರೆ ಯಾರ ತಪ್ಪೂ ಇಲ್ಲದೆ ಕಳೆದುಹೋಗುತ್ತವೆ.

ಎರಡನೇ ಕಾರಣ ನಿಮ್ಮ ಓಡಾಟ. ಹಾಸನದಿಂದ ಸಕಲೇಶಪುರ ಸುಮಾರು 40 ಕಿಲೋಮೀಟರ್. ತಿಂಗಳಿಗೆ ಎರಡು ಸಲ ಅಂದರೆ 160 ಕಿಲೋಮೀಟರ್. ಇಷ್ಟು ಕೆಲಸವನ್ನು ಪದ್ಮಿನಿ ಆರಾಮಾಗಿ ಮಾಡುತ್ತದೆ. ದಿನಾ ಸ್ಕೂಲಿಗೆ ಕಾರಲ್ಲೇ ಹೋಗುವವರಾಗಿದ್ದರೆ ಕಣ್ಣು ಮುಚ್ಚಿ 800 ಅನ್ನುತ್ತಿದ್ದೆ, ಮಂಗಳೂರಿನದ್ದು ಬೇಡ, ಒಳನಾಡಿನದ್ದು ಹುಡುಕಿ ಅನ್ನುತ್ತಿದ್ದೆ. ದಿನಾ ಬೆಳಿಗ್ಗೆ ಎಂಟಕ್ಕೆ ಹೊರಡಬೇಕಾದ ಮನುಷ್ಯನಿಗೆ ಪದ್ಮಿನಿ ಅಲ್ಲ. ಅದು ನಿಮ್ಮ ಸಮಯ ಕೇಳುತ್ತದೆ. ಚೋಕ್ ಎಳೆದು ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಡಬೇಕು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡೆಲ್ಕೋದೊಳಗಿನ ಪಾಯಿಂಟ್ ಆಗಾಗ ಉಜ್ಜಿ ಗ್ಯಾಪ್ ನೋಡಬೇಕು. ವಾಲ್ವ್ ಒತ್ತುವ ಟ್ಯಾಪೆಟ್ ಸದ್ದು ಬಂದರೆ ಸೆಟ್ ಮಾಡಿಸಬೇಕು. ಕೆಳಗೆ ನಿಪ್ಪಲ್‌ಗಳಿಗೆ ಗ್ರೀಸ್ ಹೊಡೆಸಬೇಕು. ಬೇಸಿಗೆಯಲ್ಲಿ ಏರು ಹತ್ತುವಾಗ ಎಂಜಿನ್ನಿಗೆ ಪೆಟ್ರೋಲ್ ಎಳೆದು ಕೊಡುವ ಪಂಪ್ ಕಾದು ಕಾರು ನಿಂತುಹೋಗಬಹುದು. ಆಗ ಆ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕೂರಬೇಕು. ನಿಮ್ಮ ತಂದೆ ಇದನ್ನೆಲ್ಲ ಮಾಡಿದ್ದನ್ನು ನೀವು ಚಿಕ್ಕವರಿದ್ದಾಗ ನೋಡಿಯೇ ಇರುತ್ತೀರಿ. ಆದರೆ ಈ ಕೆಲಸಗಳಲ್ಲಿ ಮುಕ್ಕಾಲು ಭಾಗ ಒಂದು ಸ್ಪ್ಯಾನರ್ ಸೆಟ್ ಇದ್ದರೆ ನೀವೇ ಭಾನುವಾರ ಮಾಡಿಕೊಳ್ಳಬಹುದು. ಬಾನೆಟ್ ಒಳಗೆ ಕೈ ಆಡಿಸುವಷ್ಟು ಜಾಗ ಇದೆ. ಮಾಡಿದವರು ರಿಪೇರಿ ಮಾಡುವವನ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಾರೆ.

ಓಡಿಸುವಾಗ ಒಂದೆರಡು ವಿಷಯ ತಿಳಿದಿರಲಿ. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇದೆ. ಅದರ ಕೊಂಡಿಗಳ ಬುಶ್ ಸವೆದಿದ್ದರೆ ಎರಡು ಗೇರಿನ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಜನ ಗೇರ್ ಬಾಕ್ಸೇ ಹೋಯಿತು ಅಂದುಕೊಂಡು ಬಿಚ್ಚಿಸುತ್ತಾರೆ. ಮೊದಲು ಬುಶ್ ಬದಲಾಯಿಸಿ ನೋಡಿ. ಒಂದನೇ ಗೇರಿಗೆ ಸಿಂಕ್ರೊ, ಅಂದರೆ ಓಡುವಾಗಲೂ ಗೇರನ್ನು ಸಲೀಸಾಗಿ ಕೂರಿಸುವ ಭಾಗ, ಇಲ್ಲ. ಕಾರು ಪೂರ್ತಿ ನಿಂತ ಮೇಲೇ ಒಂದಕ್ಕೆ ಹಾಕಿ, ಇಲ್ಲಾಂದರೆ ಹಲ್ಲು ಕಡಿಯುತ್ತದೆ.

ಧರ್ಮಸ್ಥಳದ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ. ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿ ಇಳಿಯಬೇಕು. ಲಾರಿಗಳ ಹಿಂದೆ ಬ್ರೇಕ್ ಒತ್ತುತ್ತಲೇ ಇಳಿದರೆ ಡ್ರಮ್ಮು ಕಾಯುತ್ತದೆ. ಕಾದ ಮೇಲೆ ಪೆಡಲ್ ಎಷ್ಟು ತುಳಿದರೂ ಕಾರು ಜಾರುತ್ತದೆ. ಎರಡನೇ ಗೇರಿನಲ್ಲಿ ಇಳಿಯುವ ಅಭ್ಯಾಸ ಇರುವವರು ಇಳಿಸಿದ್ದಾರೆ, ನಾನೂ ಇಳಿಸಿದ್ದೇನೆ. ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಮಳೆಗಾಲದಲ್ಲಿ, ನೀವು ಇಳಿಸುವುದು ಬೇಡ. ವರ್ಷಕ್ಕೊಂದು ಸಲ ತಾನೆ, ಬಸ್ಸಿನಲ್ಲಿ ಹೋಗಿ ಬನ್ನಿ.

ಮಕ್ಕಳಿದ್ದಾರೆ ಅಂತಲೇ ಇನ್ನೊಂದು ಮಾತು. 1998ರ ಮಾರುತಿಗೆ ಮುಂದಿನ ಸೀಟ್ ಬೆಲ್ಟ್ ಕಂಪನಿಯಿಂದಲೇ ಬಂದಿರುತ್ತದೆ. 1984ರ ಪದ್ಮಿನಿಗೆ ಇರಲಿಕ್ಕಿಲ್ಲ. ನಾಲ್ಕೂ ಜನಕ್ಕೆ ಬೆಲ್ಟ್ ಹಾಕಿಸಿ. ನೆಲದ ತಗಡಿಗೆ ಕೆಳಗಿನಿಂದ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಮಾಡುವವರ ಹತ್ತಿರವೇ ಹಾಕಿಸಿ. ತೆಳು ತಗಡಿಗೆ ಸ್ಕ್ರೂ ಹೊಡೆದು ಕೂರಿಸಿದ ಬೆಲ್ಟ್ ಇದ್ದೂ ಇಲ್ಲದ ಹಾಗೆ. ಪದ್ಮಿನಿ ತಗಡು ದಪ್ಪ, ಗುದ್ದಿದರೆ ಏನೂ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಿಕ್ಕಿ ಹೊಡೆದಾಗ ಮಡಚಿಕೊಂಡು ಏಟು ಹೀರುವ ಭಾಗ ಅದರಲ್ಲಿ ಇಲ್ಲ. ಏಟು ಒಳಗೆ ಕೂತವರಿಗೇ ಬರುತ್ತದೆ. ಗಂಟೆಗೆ 60ರ ಒಳಗೆ ಓಡಿಸಿ, ಕತ್ತಲಾದ ಮೇಲೆ ಹೆದ್ದಾರಿಗೆ ಹೋಗಬೇಡಿ.

ಎರಡು ಲಕ್ಷ ಸಾಕಾ? ತಗಡು ಗಟ್ಟಿ ಇದ್ದರೆ ಸಾಕು, ಆದರೆ ಪೇಂಟಿಗೆ ಮೊದಲು ಖರ್ಚು ಮಾಡಬೇಡಿ. ಮೊದಲ ದುಡ್ಡು ಬ್ರೇಕಿಗೆ. ಮಾಸ್ಟರ್ ಸಿಲಿಂಡರ್, ನಾಲ್ಕೂ ವೀಲ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲ ಹೊಸದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರು ಹೀರುತ್ತದೆ, ಆರು ವರ್ಷದಲ್ಲಿ ಒಳಗೆ ತುಕ್ಕು ಹಿಡಿದಿರುತ್ತದೆ. ಆಮೇಲೆ ಟೈರು. ಹಲ್ಲು ಎಷ್ಟೇ ಚೆನ್ನಾಗಿ ಕಂಡರೂ ಬದಲಾಯಿಸಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ಆಮೇಲೆ ಪೆಟ್ರೋಲ್ ದಾರಿ. ಟ್ಯಾಂಕ್ ಇಳಿಸಿ ತೊಳೆಸಿ, ಕಾರ್ಬುರೇಟರ್ ಬಿಚ್ಚಿ ಶುಚಿ ಮಾಡಿಸಿ. ಈಗ ಬಂಕಿನಲ್ಲಿ ಸಿಗುವುದು 20 ಭಾಗ ಎಥನಾಲ್ ಸೇರಿದ ಪೆಟ್ರೋಲ್. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮು ಅದನ್ನು ತಡೆಯಲ್ಲ, ಉಬ್ಬಿ ಬಿರುಕು ಬಿಟ್ಟು ಸೋರುತ್ತವೆ. ಕಾದ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ಬರೆಯಬೇಕಿಲ್ಲ. ಎಥನಾಲ್ ತಡೆಯುವ ಪೈಪ್ ಕೇಳಿ ಹಾಕಿಸಿ. ಈ ಮಾತು 1998ರ ಮಾರುತಿಗೂ ಅಷ್ಟೇ ಸತ್ಯ. ಇಷ್ಟಾದ ಮೇಲೆ ಉಳಿದದ್ದು ಟಿಂಕರಿಂಗ್, ಪೇಂಟಿಗೆ.

ಕಾಗದಪತ್ರದ ಕೆಲಸವನ್ನು ಗಾಡಿ ಕೆಲಸಕ್ಕಿಂತ ಮೊದಲೇ ಶುರು ಮಾಡಿ. ಆರ್‌ಸಿ ಇನ್ನೂ ತಂದೆಯವರ ಹೆಸರಲ್ಲೇ ಇರುತ್ತದೆ. ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31, ಮರಣ ಪ್ರಮಾಣಪತ್ರ, ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆ ಬೇಕು. ಹಳೇ ಪುಸ್ತಕದ ಆರ್‌ಸಿ ಆಗಿದ್ದರೆ ಕಂಪ್ಯೂಟರಿನಲ್ಲಿ ನಿಮ್ಮ ಗಾಡಿಯೇ ಕಾಣದಿರಬಹುದು. ಆಗ ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸಬೇಕು, ಅದಕ್ಕೆ ನಾಲ್ಕಾರು ಸಲ ಅಲೆದಾಟ ಆಗುತ್ತದೆ. 15 ವರ್ಷ ಆದ ಮೇಲೆ ಪ್ರತಿ ಐದು ವರ್ಷಕ್ಕೆ ಎಫ್‌ಸಿ, ಅಂದರೆ ಗಾಡಿಯ ಯೋಗ್ಯತಾ ತಪಾಸಣೆ, ಮಾಡಿಸಿ ಆರ್‌ಸಿ ನವೀಕರಿಸಬೇಕು ಅಲ್ವಾ, ನಿಮ್ಮದು ಆರು ವರ್ಷದಿಂದ ನಿಂತಿದೆ ಅಂದರೆ ಅವಧಿ ಮುಗಿದೇ ಇರುತ್ತದೆ. 2025ರ ಆಗಸ್ಟಿನಲ್ಲಿ ಬಂದ ನಿಯಮದಂತೆ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 10,000 ರೂಪಾಯಿ. ಹಸಿರು ತೆರಿಗೆ, ತಡವಾದ ದಂಡ ಬೇರೆ. ಮಾವನ 800 ಕೂಡ 20 ದಾಟಿದೆ, ಹಾಗಾಗಿ ನವೀಕರಣ ಶುಲ್ಕ ಎರಡಕ್ಕೂ ಒಂದೇ. ಎಫ್‌ಸಿಗೆ ಹೋಗುವ ಮುಂಚೆ ಚಾಸಿ ನಂಬರ್ ಕೊರೆದಿರುವ ಜಾಗವನ್ನು ಮೆತ್ತಗೆ ಒರೆಸಿ ಓದಿಸಿಕೊಳ್ಳುತ್ತದಾ ನೋಡಿ. ಪೇಂಟ್ ಹೊಡೆಯುವ ಹುಡುಗರು ಅಲ್ಲಿ ಗ್ರೈಂಡರ್ ಹಿಡಿಯದಂತೆ ಮೊದಲೇ ಹೇಳಿ. ವಿಂಟೇಜ್ ಅಂತ ಬೇರೆ ನೋಂದಣಿ ಮಾಡಿಸಿ ಅಂತ ಯಾರಾದರೂ ಸಲಹೆ ಕೊಟ್ಟರೆ ಬೇಡ. ಅದಕ್ಕೆ ಗಾಡಿಗೆ 50 ವರ್ಷ ತುಂಬಿರಬೇಕು. ಮೇಲಾಗಿ ಹಾಗೆ ನೋಂದಾಯಿಸಿದ ಕಾರನ್ನು ಮಾಮೂಲಿ ಓಡಾಟಕ್ಕೆ ಬಳಸುವಂತಿಲ್ಲ.

ಮಾವನಿಗೆ ಏನು ಹೇಳುವುದು ಅನ್ನುವ ಮುಜುಗರ ನಿಮಗಿರಬಹುದು. ಒಂದು ಭಾನುವಾರ ಹೋಗಿ, ನಾನು ಹೇಳಿದ ಹಾಗೆ ತಟ್ಟಿ ನೋಡಿ. ಗುಂಬ, ನೆಲ ಎರಡೂ ಗಟ್ಟಿ ಇದ್ದು, ಪದ್ಮಿನಿಯ ತಳ ಗಂಜಲಕ್ಕೆ ಕೊಳೆತಿದ್ದರೆ ಮಾವನ ಕಾರನ್ನೇ ತನ್ನಿ. ಆಗ ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟ್ ಮೊದಲು ಬದಲಾಯಿಸಿ, ಅದು ತುಂಡಾದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿದಾಗ ಮುಂದಿನಿಂದ ಟಕ್ ಟಕ್ ಅಂದರೆ ಮುಂದಿನ ಚಕ್ರ ತಿರುಗಿಸುವ ಸಿವಿ ಜಾಯಿಂಟ್ ಹೋಗಿದೆ ಅಂತ ಅರ್ಥ, ಅದು ದೊಡ್ಡ ಖರ್ಚಲ್ಲ.

ಕೊನೆಯದಾಗಿ, ಊರಿಗೆ ಹೋದ ಕೂಡಲೇ ಬ್ಯಾಟರಿ ಹಾಕಿ ಪದ್ಮಿನಿಗೆ ಸೆಲ್ಫ್ ಹೊಡೆಯಬೇಡಿ. ಒಣಗಿದ ಸಿಲಿಂಡರಿನಲ್ಲಿ ರಿಂಗ್ ಉಜ್ಜಿ ಗೀರು ಬೀಳುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ತೂತಿನ ಮೇಲೆ ಬಟ್ಟೆ ಮುಚ್ಚಿ ಎರಡು ದಿನ ಹಾಗೇ ಬಿಡಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ, ಪ್ಲಗ್ ಇಲ್ಲದೆಯೇ, ಇಬ್ಬರು ಸೇರಿ ಕಾರನ್ನು ಮೆಲ್ಲಗೆ ತಳ್ಳಿ. ಕ್ಲಚ್ ತುಳಿಯಬೇಡಿ. ಫ್ಯಾನ್ ತಿರುಗಿದರೆ ಎಂಜಿನ್ ಹಿಡಿದುಕೊಂಡಿಲ್ಲ ಅಂತ ಅರ್ಥ. ತಿರುಗದಿದ್ದರೆ ಜೋರು ಮಾಡಬೇಡಿ, ಇನ್ನೆರಡು ಚಮಚ ಬಿಟ್ಟು ಮುಂದಿನ ಭಾನುವಾರ ನೋಡಿ.